ಮೋಟಾರು ಪಂದ್ಯಗಳಲ್ಲಿ ಅಪಾಯದ ಅಳತೆ

ಕಾರ್ಕಳದ ಸಮೀಪದ ಮಿಯಾರಿನಲ್ಲಿಯೋ ಸುತ್ತಲಿನ ಬೇರೆ ಊರುಗಳಲ್ಲಿಯೋ ಕಂಬಳವನ್ನು ನೋಡಿದವರಿಗೆ ಕರೆಯ ಎರಡು ತುದಿಗಳ ಹೆಸರು ತಿಳಿದೇ ಇರುತ್ತದೆ. ಕೋಣಗಳು ಹೊರಡುವ ತುದಿ ಗಂತು. ಓಟ ಮುಗಿಯುವ ತುದಿ ಮಂಜೊಟ್ಟಿ. ಮಂಜೊಟ್ಟಿಯ ಕಡೆಗೆ ನೆಲವು ಕೆಸರಿನಿಂದ ಮೇಲೆದ್ದು ಏರಾಗುತ್ತದೆ. ನೋಟಕರ ಕಣ್ಣು ಈ ಏರಿನ ಮೇಲೆ ನಿಲ್ಲುವುದು ಅಪರೂಪ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಯು ಇಡೀ ಕರೆಯಲ್ಲಿ ಮೊದಲು ಗಮನಿಸಬೇಕಾದುದು ಅದನ್ನೇ. ಓಡುವ ಪ್ರಾಣಿಯಲ್ಲಿ ಸೇರಿಕೊಂಡಿರುವ ಚಲನಶಕ್ತಿಯು ಎಲ್ಲಿಯಾದರೂ ವ್ಯಯವಾಗಲೇಬೇಕು. ಗೋಡೆಗೆ ಬಡಿದು ಒಂದು ಕ್ಷಣದಲ್ಲಿ ವ್ಯಯವಾಗುವುದರ ಬದಲು ಏರನ್ನು ಹತ್ತುತ್ತ ನಿಧಾನವಾಗಿ ವ್ಯಯವಾಗಲೆಂದು ನಮ್ಮ ಹಿರಿಯರು ಆ ಎಡೆಯನ್ನು ಬಿಟ್ಟರು.

ಈ ಶಕ್ತಿಯನ್ನು ಎತ್ತರದ ರೂಪದಲ್ಲಿ ಅಳೆಯುವುದು ಸುಲಭ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ, ಆ ವೇಗ ಬರಬೇಕಾದರೆ ವಸ್ತುವು ಎಷ್ಟು ಎತ್ತರದಿಂದ ಬೀಳಬೇಕು ಎಂಬುದು ಸಿಗುತ್ತದೆ. ೨೦೨೦ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ತಮ್ಮ ಕೋಣಗಳೊಡನೆ ೧೪೨.೫ ಮೀಟರುಗಳನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದುದು ದೇಶದಲ್ಲೆಲ್ಲ ಸುದ್ದಿಯಾಯಿತು. ಅವರ ಸರಾಸರಿ ವೇಗ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರು. ಅದಕ್ಕೆ ಸಮನಾದ ಎತ್ತರ ಐದೂವರೆ ಮೀಟರು, ಎಂದರೆ ಒಂದು ದೊಡ್ಡ ಹಂಚಿನ ಮನೆಯ ಮಾಡಿನಷ್ಟು. ಅಜೆಕಾರಿನ ಪೇಟೆಯನ್ನು ಗಂಟೆಗೆ ೫೦ ಕಿಲೋಮೀಟರಿನಂತೆ ದಾಟುವ ಸ್ಕೂಟರಿನ ಸವಾರನಾದರೋ ಹತ್ತು ಮೀಟರಿನ ತೆಂಗಿನ ಮರದ ತುದಿಯಲ್ಲಿ ಕುಳಿತವನಿಗೆ ಸಮಾನ. ಫಾರ್ಮುಲಾ ಒನ್ ಎಂಬ ಹೆಸರಿನ ಅತ್ಯುಚ್ಚ ದರ್ಜೆಯ ಮೋಟಾರು ಪಂದ್ಯದಲ್ಲಿ ಕಾರುಗಳು ಗಂಟೆಗೆ ೩೦೦ ಕಿಲೋಮೀಟರನ್ನು ಸುಲಭವಾಗಿ ಮೀರುತ್ತವೆ. ಆ ವೇಗಕ್ಕೆ ಸಮನಾದ ಎತ್ತರ ೩೫೪ ಮೀಟರು. ಕಾರ್ಕಳದ ಗೊಮ್ಮಟನ ಎತ್ತರ ೪೨ ಅಡಿ. ಅಂಥ ಇಪ್ಪತ್ತೇಳು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಆ ಎತ್ತರಕ್ಕೆ ಇನ್ನಷ್ಟು ಬೇಕು.

ಈ ಎತ್ತರದಿಂದ ಇನ್ನೊಂದು ಉಪಯೋಗವುಂಟು. ವಸ್ತುವು ಸಮಪ್ರಮಾಣದಲ್ಲಿ ವೇಗ ಕಳೆದುಕೊಂಡು ನಿಲ್ಲುವುದೆಂದು ಭಾವಿಸಿದರೆ, ಎತ್ತರವನ್ನು ನಿಲ್ಲಲು ದೊರೆತ ದೂರದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ದೇಹವು ಸಹಿಸಬೇಕಾದ ವೇಗಕ್ಷಯ. ಅದು ಗುರುತ್ವದ ಎಷ್ಟು ಪಟ್ಟು ಎಂಬುದು ನೇರವಾಗಿ ಸಿಗುತ್ತದೆ. ನಮ್ಮ ಸ್ಕೂಟರಿನ ಸವಾರನು ಕೆಂಪುಕಲ್ಲಿನ ಗೋಡೆಗೆ ಬಡಿದು ಹತ್ತು ಸೆಂಟಿಮೀಟರಿನೊಳಗೆ ನಿಂತರೆ ಅವನ ಪಾಲಿಗೆ ಬರುವುದು ಗುರುತ್ವದ ನೂರು ಪಟ್ಟು. ಗಂಟೆಗೆ ೩೦೦ ಕಿಲೋಮೀಟರಿನ ಕಾರು ಅರ್ಧ ಮೀಟರಿನಲ್ಲಿ ನಿಂತರೆ ಏಳುನೂರು ಪಟ್ಟು. ಎಪ್ಪತ್ತು ಮೀಟರಿನಲ್ಲಿ ನಿಂತರೆ ಐದೇ ಪಟ್ಟು. ಪಂದ್ಯದ ಹಾದಿಯ ತಿರುವುಗಳ ಹೊರಗೆ ಜಲ್ಲಿ ಹಾಸಿದ ಬಯಲು, ಟೈರುಗಳ ಒಟ್ಟಿಲು, ಕಾರಿನ ಮುಂಭಾಗದಲ್ಲಿ ನಜ್ಜುಗುಜ್ಜಾಗಲೆಂದೇ ಮಾಡಿದ ಮೂಗು, ಇವೆಲ್ಲ ಒಂದೇ ಉದ್ದೇಶದ ಸಾಧನಗಳು: ಭಾಗಿಸುವ ದೂರವನ್ನು ದೊಡ್ಡದು ಮಾಡುವುದು.

ಇಷ್ಟು ಲೆಕ್ಕವನ್ನು ಯಾವ ಕಾಲೇಜಿನ ವಿದ್ಯಾರ್ಥಿಯೂ ಮಾಡಬಲ್ಲನು. ಹಾಗಿದ್ದ ಮೇಲೆ ಸುರಕ್ಷತೆಯ ವಿಷಯದಲ್ಲಿ ಜಗಳವೇಕೆ ಬರಬೇಕು? ಯಾವ ಪಂದ್ಯದಲ್ಲಿಯೂ ಪ್ರಶ್ನೆಗಳು ಎರಡು. ಅಪಾಯವೆಷ್ಟು ಎಂಬುದು ಮೊದಲನೆಯದು. ಅದನ್ನು ತಡೆಯುವ ಅಧಿಕಾರ ಯಾರದು ಎಂಬುದು ಎರಡನೆಯದು. ಕಂಬಳದ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯು ಹೈಕೋರ್ಟಿನಿಂದ ವಿಧಾನಸಭೆಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಸಾಗಿ, ೨೦೨೩ರ ಮೇ ೧೮ರಂದು ಸಂವಿಧಾನ ಪೀಠದ ತೀರ್ಪಿನಲ್ಲಿ ನೆಲೆಗೊಂಡಿತು. ಫಾರ್ಮುಲಾ ಒನ್ನಿನಲ್ಲಿ ಅಧಿಕಾರವು ಹಲವು ಕೈಗಳಲ್ಲಿ ಹಂಚಿಹೋಗಿದೆ. ೧೯೦೪ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಎಫ್.ಐ.ಎ. ಎಂಬ ಅಂತರರಾಷ್ಟ್ರೀಯ ಒಕ್ಕೂಟವು ನಿಯಮಗಳನ್ನು ವಿಧಿಸುತ್ತದೆ. ಪಂದ್ಯದ ವಾಣಿಜ್ಯದ ಹಕ್ಕು ಬೇರೊಂದು ಸಂಸ್ಥೆಯದು. ಕಾರುಗಳನ್ನು ಕಟ್ಟುವ ತಂಡಗಳು ಬೇರೆ, ಟೈರುಗಳನ್ನು ಒದಗಿಸುವ ಕಂಪೆನಿ ಬೇರೆ, ಪ್ರಾಣವನ್ನು ಒಡ್ಡುವ ಚಾಲಕರು ಬೇರೆ. ಈ ಐವರಲ್ಲಿ ಒಬ್ಬೊಬ್ಬರ ಲಾಭವೂ ಒಂದೊಂದು ದಿಕ್ಕಿಗೆ ಎಳೆಯುವುದು ಸಹಜ. ಈ ಎಳೆದಾಟವು ಬಹಳ ಸ್ಪಷ್ಟವಾಗಿ ಕಂಡುಬಂದದ್ದು ೨೦೧೩ರ ಟೈರಿನ ವಿವಾದದಲ್ಲಿ. ನಮ್ಮ ಕರಾವಳಿಗೂ ಅದರಲ್ಲಿ ಒಂದು ಸಂಬಂಧವಿದ್ದುದರಿಂದ ಅದನ್ನೇ ಇಲ್ಲಿ ವಿವರವಾಗಿ ನೋಡೋಣ. ಅದಕ್ಕೆ ಮೊದಲು ಟೈರಿನ ಸ್ವಭಾವವನ್ನು ತಿಳಿಯಬೇಕು.

ಆಗಿನ ಫಾರ್ಮುಲಾ ಒನ್ ಟೈರಿನ ಹೊರವ್ಯಾಸ ೬೬ ಸೆಂಟಿಮೀಟರು. ಗಂಟೆಗೆ ೩೦೦ ಕಿಲೋಮೀಟರಿನ ವೇಗದಲ್ಲಿ ಅದು ಸೆಕೆಂಡಿಗೆ ನಲವತ್ತು ಸುತ್ತು ತಿರುಗುತ್ತದೆ. ವೃತ್ತದಲ್ಲಿ ಚಲಿಸುವ ವಸ್ತುವಿನ ವೇಗೋತ್ಕರ್ಷವೆಂದರೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದ ಲಬ್ಧ. ಇಲ್ಲಿ ಅದು ಗುರುತ್ವದ ಎರಡು ಸಾವಿರ ಪಟ್ಟನ್ನು ಮೀರುತ್ತದೆ. ಟೈರಿನ ಹೊರಮೈಗೆ ಅಂಟಿದ ಒಂದು ಗ್ರಾಮ್ ರಬ್ಬರನ್ನು ಅದರ ಸ್ಥಾನದಲ್ಲಿ ಹಿಡಿದಿಡಲು ಎರಡು ಕಿಲೋಗ್ರಾಮ್ ಭಾರವನ್ನು ಎತ್ತುವಷ್ಟು ಬಲ ಬೇಕು ಎಂದರ್ಥ. ಈ ಬಲವನ್ನು ಒದಗಿಸುವುದು ರಬ್ಬರಿನ ಕೆಳಗೆ ಸುತ್ತಿರುವ ಪಟ್ಟಿ ಮತ್ತು ಅದರ ಒಳಗಿನ ನೂಲಿನ ಹೆಣಿಗೆ. ಪಟ್ಟಿಯನ್ನು ಉಕ್ಕಿನಿಂದ ಮಾಡಬಹುದು. ಕೆವ್ಲಾರ್ ಎಂಬ ಕೃತಕ ನೂಲಿನಿಂದಲೂ ಮಾಡಬಹುದು. ಒಂದೇ ಗಾತ್ರದ ಉಕ್ಕು ಕೆವ್ಲಾರಿಗಿಂತ ಐದು ಪಟ್ಟಿಗೂ ಮಿಕ್ಕಿ ಭಾರವುಳ್ಳದ್ದು.

ತಿರುಗುವುದಷ್ಟೇ ಅಲ್ಲ, ಪ್ರತಿ ಸುತ್ತಿನಲ್ಲಿಯೂ ಟೈರಿನ ಪ್ರತಿಯೊಂದು ಭಾಗವು ನೆಲಕ್ಕೆ ತಾಗಿ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ರಬ್ಬರನ್ನು ಮಡಿಸಲು ವ್ಯಯಿಸಿದ ಶಕ್ತಿಯೆಲ್ಲ ಅದು ಬಿಚ್ಚಿಕೊಳ್ಳುವಾಗ ಹಿಂದಿರುಗುವುದಿಲ್ಲ; ಒಂದು ಪಾಲು ಉಷ್ಣವಾಗುತ್ತದೆ. ಸೆಕೆಂಡಿಗೆ ನಲವತ್ತು ಬಾರಿ ಹೀಗಾದರೆ ಎಷ್ಟು ಬಿಸಿಯೇರಬಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಟೈರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದಷ್ಟೂ ಮಡಿಕೆ ಹೆಚ್ಚು, ಮಡಿಕೆ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಇನ್ನೊಂದು ಸೂಕ್ಷ್ಮವೂ ಉಂಟು. ಬಾವಿಯ ಹಗ್ಗವನ್ನು ಬಿಗಿಯಾಗಿ ಎಳೆದು ಬೆರಳಿನಿಂದ ಮೀಟಿದರೆ ಅಲೆಯು ಬೇಗ ಓಡುತ್ತದೆ. ಸಡಿಲಬಿಟ್ಟು ಮೀಟಿದರೆ ಮೆಲ್ಲನೆ ಸಾಗುತ್ತದೆ. ಟೈರಿನ ಹೊರಮೈಯೂ ಇಂಥ ಹಗ್ಗವೇ. ಅದನ್ನು ಬಿಗಿಯುವುದು ಒಳಗಿನ ಗಾಳಿ. ಟೈರು ತಿರುಗುವ ವೇಗವು ಅದರ ಮೈಯಲ್ಲಿ ಅಲೆ ಓಡುವ ವೇಗವನ್ನು ಮೀರಿದರೆ, ನೆಲವನ್ನು ಬಿಟ್ಟು ಮೇಲೆದ್ದ ಭಾಗಕ್ಕೆ ದುಂಡಗಾಗಲು ಸಮಯ ಸಾಲದೆ ಟೈರಿನ ಹಿಂಬದಿಯಲ್ಲಿ ಸುಕ್ಕುಗಳು ನಿಂತುಬಿಡುತ್ತವೆ. ಇದಕ್ಕೆ ಸ್ಥಾಯೀ ತರಂಗವೆಂದು ಹೆಸರು. ಈ ಸ್ಥಿತಿಗೆ ಬಂದ ಟೈರು ಹೆಚ್ಚು ಹೊತ್ತು ಬಾಳದು.

ಹೀಗಿದ್ದರೂ ತಂಡಗಳು ಒತ್ತಡವನ್ನು ಕಡಿಮೆ ಮಾಡಲು ಹವಣಿಸುವುದೇಕೆಂದರೆ, ಮೆತ್ತಗಿನ ಟೈರು ನೆಲವನ್ನು ಅಗಲವಾಗಿ ಅಪ್ಪುತ್ತದೆ, ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಇದೇ ಆಸೆಯಿಂದ ಗಾಲಿಗಳ ಮೇಲ್ತುದಿಯನ್ನು ಕಾರಿನ ಕಡೆಗೆ ಸ್ವಲ್ಪ ಓರೆಯಾಗಿಸುವುದೂ ಉಂಟು. ಇದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಓರೆ ಹೆಚ್ಚಾದರೆ ನೇರ ಹಾದಿಯಲ್ಲಿ ಭಾರವೆಲ್ಲ ಟೈರಿನ ಒಳ ಅಂಚಿನ ಮೇಲೆ ಬೀಳುತ್ತದೆ. ವೇಗವು ಅಪಾಯದ ಅಂಚಿನಲ್ಲಿಯೇ ದೊರೆಯುವುದರಿಂದ ತಂಡದ ಎಂಜಿನಿಯರನ ಕೆಲಸವೇ ಆ ಅಂಚಿನ ಹತ್ತಿರ ನಿಲ್ಲುವುದು. ಅದಕ್ಕಾಗಿ ಅವನನ್ನು ದೂರುವುದು ನಮಗೆ ನ್ಯಾಯವೆನಿಸುವುದಿಲ್ಲ. ಅಂಚು ಎಲ್ಲಿದೆಯೆಂದು ಗೆರೆ ಎಳೆಯಬೇಕಾದವರು ಬೇರೆಯವರು.

೨೦೧೩ರಲ್ಲಿ ಎಲ್ಲ ಹನ್ನೊಂದು ತಂಡಗಳಿಗೂ ಟೈರು ಒದಗಿಸುತ್ತಿದ್ದುದು ಇಟಲಿಯ ಪಿರೆಲ್ಲಿ ಕಂಪೆನಿ. ಆ ವರ್ಷ ಅದು ಟೈರಿನ ಒಳಪಟ್ಟಿಗೆ ಉಕ್ಕನ್ನು ಬಳಸಿತು. ವರ್ಷದ ಆರಂಭದ ಕೆಲವು ಪಂದ್ಯಗಳಲ್ಲಿ ಓಡುತ್ತಿರುವ ಟೈರಿನ ಹೊರಮೈ ರಬ್ಬರು ಹಲಸಿನ ಹಪ್ಪಳದಂತೆ ಕಿತ್ತು ಬರತೊಡಗಿತು. ಮೇ ತಿಂಗಳಿನಲ್ಲಿ ಸ್ಪೇನಿನ ಪಂದ್ಯವಾದ ಮೇಲೆ ಕಂಪೆನಿಯು ಟೈರಿನ ರಚನೆಯನ್ನು ಬದಲಿಸಲು ಮುಂದಾಯಿತು. ಉಕ್ಕಿನ ಪಟ್ಟಿಯನ್ನು ತೆಗೆದು ಹಿಂದಿನಂತೆ ಕೆವ್ಲಾರಿಗೆ ಮರಳುವುದು ಅದರ ಇಚ್ಛೆ. ಆದರೆ ಋತುವಿನ ನಡುವೆ ಟೈರಿನ ರಚನೆಯನ್ನು ಬದಲಿಸಬೇಕಾದರೆ ಎಲ್ಲ ತಂಡಗಳೂ ಒಪ್ಪಬೇಕೆಂದು ನಿಯಮವಿತ್ತು. ಸುರಕ್ಷತೆಯ ಕಾರಣವಿದ್ದರೆ ಮಾತ್ರ ಒಪ್ಪಿಗೆಯಿಲ್ಲದೆ ಬದಲಿಸಬಹುದು. ರಬ್ಬರು ಕಿತ್ತುಬಂದರೂ ಒಳಗಿನ ಗಾಳಿ ಉಳಿಯುತ್ತದೆ, ಚಾಲಕನು ನಿಧಾನವಾಗಿ ಹಿಂದಿರುಗಬಹುದು, ಆದಕಾರಣ ಇದು ಅಪಾಯವಲ್ಲ ಎಂದು ಪಿರೆಲ್ಲಿಯೇ ಹೇಳಿತ್ತು. ತನ್ನ ಟೈರು ಅಪಾಯಕರವೆಂದು ಯಾವ ಕಂಪೆನಿ ತಾನೇ ಹೇಳಿಕೊಂಡೀತು? ಆ ಒಂದು ಮಾತಿನಿಂದ ಸುರಕ್ಷತೆಯ ಬಾಗಿಲು ಮುಚ್ಚಿತು. ಉಳಿದದ್ದು ಸರ್ವಸಮ್ಮತಿಯ ಬಾಗಿಲೊಂದೇ.

ಅದನ್ನು ಮುಚ್ಚಿದವರು ಮೂವರು: ಫೆರಾರಿ, ಲೋಟಸ್ ಮತ್ತು ಫೋರ್ಸ್ ಇಂಡಿಯಾ. ಈ ಮೂರನೆಯ ತಂಡದ ಒಡೆಯರಲ್ಲಿ ಒಬ್ಬರಾಗಿದ್ದವರು ಬಂಟ್ವಾಳ ಮೂಲದ ಮನೆತನದ ವಿಜಯ ಮಲ್ಯರು. ೨೦೦೭ರಲ್ಲಿ ಅವರು ಕೊಂಡ ಬಡ ತಂಡವು ೨೦೦೮ರಿಂದ ಭಾರತದ ಹೆಸರು ಹೊತ್ತು ಓಡುತ್ತ, ೨೦೧೩ರ ಮೊದಲರ್ಧದಲ್ಲಿ ಮ್ಯಾಕ್‌ಲಾರೆನಿನಂಥ ಹಳೆಯ ಸಂಸ್ಥೆಯನ್ನೂ ಹಿಂದಿಕ್ಕಿ ಐದನೆಯ ಸ್ಥಾನಕ್ಕೆ ಬಂದಿತ್ತು. ಆ ವರ್ಷದ ಟೈರಿನ ಸ್ವಭಾವವನ್ನು ಅರಿತು ಅದಕ್ಕೆ ಹೊಂದುವಂತೆ ಕಾರನ್ನು ರೂಪಿಸಿದ್ದು ಅವರ ಜಾಣತನ. ಬದಲಾವಣೆಗಾಗಿ ಗಟ್ಟಿಯಾಗಿ ಕೂಗುತ್ತಿದ್ದ ರೆಡ್ ಬುಲ್ ತಂಡಕ್ಕಾದರೋ ಆ ಟೈರು ಹೊಂದುತ್ತಿರಲಿಲ್ಲ. ಪರೀಕ್ಷೆಗೆ ಉತ್ತರ ಬರೆದಾದ ಮೇಲೆ ಪ್ರಶ್ನೆಪತ್ರಿಕೆಯನ್ನು ಬದಲಿಸುವುದು ಯಾವ ನ್ಯಾಯವೆಂಬುದು ಮೂರು ತಂಡಗಳ ವಾದದ ತಿರುಳು. ವಾದದಲ್ಲಿ ಸತ್ವವಿಲ್ಲದೆ ಇರಲಿಲ್ಲ.

ಬದಲಾವಣೆಗೆ ಅವಕಾಶ ಸಿಗದ ಪಿರೆಲ್ಲಿಯು ರಬ್ಬರನ್ನು ಒಳಮೈಗೆ ಅಂಟಿಸುವ ವಿಧಾನವನ್ನು ಮಾತ್ರ ಗಟ್ಟಿ ಮಾಡಿ ಮುಂದುವರಿಯಿತು. ಪ್ರಯೋಗಕ್ಕೂ ಅದಕ್ಕೆ ಅನುಕೂಲ ಸಾಲದಾಗಿತ್ತು: ಋತುವಿನ ನಡುವೆ ಪರೀಕ್ಷಾ ಓಟಗಳಿಗೆ ನಿರ್ಬಂಧವಿದ್ದುದರಿಂದ ಕಂಪೆನಿಯು ೨೦೧೦ರ ಹಳೆಯ ರೆನೋ ಕಾರೊಂದರ ಮೇಲೆ ತನ್ನ ಟೈರುಗಳನ್ನು ಪರೀಕ್ಷಿಸುತ್ತಿತ್ತು. ಮೂರು ವರ್ಷ ಹಿಂದಿನ ಕಾರು ಹೇರುವ ಭಾರವೂ ಹೊಸ ಕಾರು ಹೇರುವ ಭಾರವೂ ಒಂದೇ ಅಲ್ಲ. ಖರ್ಚು ಮಿತವಾಗಲೆಂದು ಮಾಡಿದ ನಿಯಮವು ಹೀಗೆ ಪ್ರಯೋಗಶಾಲೆಯ ಬಾಗಿಲಿಗೆ ಬೀಗ ಹಾಕಿದಂತಾಯಿತು.

೨೦೧೩ರ ಜೂನ್ ೩೦ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಹಾದಿಯಲ್ಲಿ ಪಂದ್ಯ. ಫೋರ್ಸ್ ಇಂಡಿಯಾ ತಂಡದ ಕಾರ್ಖಾನೆಯಿದ್ದುದೂ ಅದೇ ಹಾದಿಯ ಎದುರಿನಲ್ಲಿ. ಎಂಟನೆಯ ಸುತ್ತಿನಲ್ಲಿ, ಎಲ್ಲರಿಗಿಂತ ಮುಂದಿದ್ದ ಹ್ಯಾಮಿಲ್ಟನ್ನರ ಕಾರಿನ ಎಡ ಹಿಂಗಾಲಿಯ ಟೈರು ಸಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಮಾಸ್ಸಾರದು, ಆಮೇಲೆ ವೆರ್ನ್ ಅವರದು, ಪಂದ್ಯದ ಕೊನೆಗಾಲದಲ್ಲಿ ಪೆರೆಝರದು. ನಾಲ್ವರದೂ ಎಡ ಹಿಂಗಾಲಿಯೇ. ಆ ಹಾದಿಯಲ್ಲಿ ವೇಗದ ಬಲತಿರುವುಗಳು ಹೆಚ್ಚು. ಬಲಕ್ಕೆ ತಿರುಗುವ ಕಾರಿನ ಭಾರವು ಎಡಗಾಲಿಗಳ ಮೇಲೆ ವಾಲುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ರಬ್ಬರಿನ, ಉಕ್ಕಿನ ತುಂಡುಗಳು ಹಿಂದೆ ಬರುವ ಕಾರುಗಳ ಮೇಲೆ ಹಾರಿದುವು. ಚಾಲಕನ ತಲೆ ತೆರೆದಿರುವ ಕಾರುಗಳಲ್ಲಿ ಇದು ಆಟವಲ್ಲ. ಯಾರಿಗೂ ಪೆಟ್ಟಾಗದೆ ಉಳಿದದ್ದು ದೈವಕೃಪೆ. ಪಂದ್ಯವನ್ನು ನಿಲ್ಲಿಸುವ ಯೋಚನೆ ತಮಗೆ ಬಂದಿತ್ತೆಂದು ಪಂದ್ಯದ ನಿರ್ದೇಶಕ ಚಾರ್ಲಿ ವೈಟಿಂಗ್ ಅನಂತರ ಹೇಳಿದರು.

ಎರಡು ದಿನಗಳೊಳಗೆ ಪಿರೆಲ್ಲಿಯು ಕಾರಣಗಳನ್ನು ಪ್ರಕಟಿಸಿತು. ಟೈರುಗಳ ಎಡಬಲಗಳ ರಚನೆ ಒಂದೇ ಆಗಿರಲಿಲ್ಲ; ಆದರೂ ತಂಡಗಳು ಎಡದ ಟೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿಕೊಂಡಿದ್ದುವು. ಸೂಚಿಸಿದ್ದಕ್ಕಿಂತ ಕಡಿಮೆ ಗಾಳಿ ತುಂಬಿದ್ದುವು. ಕ್ಯಾಂಬರನ್ನು ಅತಿಯಾಗಿ ಓರೆ ಮಾಡಿದ್ದುವು. ಸಾಲದುದಕ್ಕೆ ಹಾದಿಯಂಚಿನ ಕಟ್ಟೆಯ ಏಣು ವೇಗದ ತಿರುವಿನಲ್ಲಿ ಟೈರಿನ ಮೈಗೆ ಏಟು ಕೊಡುತ್ತಿತ್ತು. ಗಮನಿಸಬೇಕಾದ ವಿಷಯವೆಂದರೆ, ಇವುಗಳಲ್ಲಿ ಒಂದಾದರೂ ಆಗ ನಿಯಮಬಾಹಿರವಾಗಿರಲಿಲ್ಲ. ಒತ್ತಡಕ್ಕೂ ಓರೆಗೂ ಕಂಪೆನಿಯು ಹೇಳಿದ್ದು ಸಲಹೆ ಮಾತ್ರ. ಎಡಬಲ ಬದಲಿಸುವುದನ್ನು ತಿಳಿದೂ ಅದು ತಡೆದಿರಲಿಲ್ಲ. ಭೌತವಿಜ್ಞಾನಕ್ಕೆ ಮೊದಲೇ ತಿಳಿದಿದ್ದ ಗೆರೆಯು ನಿಯಮದ ಪುಸ್ತಕದಲ್ಲಿ ಇರಲಿಲ್ಲ.

ಇಷ್ಟಾದ ಮೇಲೆ ಎಲ್ಲವೂ ಶೀಘ್ರವಾಗಿ ನಡೆಯಿತು. ಮುಂದಿನ ಜರ್ಮನಿಯ ಪಂದ್ಯದಲ್ಲಿ ಇಂಥದೇ ತೊಂದರೆ ಕಂಡುಬಂದರೆ ತಾವು ಕಾರಿನಿಂದ ಇಳಿಯುವುದಾಗಿ ಚಾಲಕರ ಸಂಘ ಸಾರಿತು. ಚಾಲಕರು ಹೀಗೆ ಹಟ ಹಿಡಿದದ್ದು ಹೊಸತಲ್ಲ. ೧೯೬೬ರಲ್ಲಿ ಬೆಲ್ಜಿಯಮಿನ ಸ್ಪಾ ಹಾದಿಯಲ್ಲಿ ಉರುಳಿದ ಕಾರಿನೊಳಗೆ ಪೆಟ್ರೋಲಿನಲ್ಲಿ ನೆನೆದು ಸಿಕ್ಕಿಬಿದ್ದಿದ್ದ ಜಾಕಿ ಸ್ಟೂವರ್ಟರು ಅಂದಿನಿಂದ ಸುರಕ್ಷತೆಗಾಗಿ ಹೋರಾಡಿದರು. ಚಾಲಕರು ಒಪ್ಪದ ಕಾರಣ ೧೯೬೯ರಲ್ಲಿ ಅಲ್ಲಿ ಪಂದ್ಯವೇ ನಡೆಯಲಿಲ್ಲ. ೨೦೧೩ರಲ್ಲಿಯೂ ಆ ಅಸ್ತ್ರಕ್ಕೆ ಬೆಲೆ ಬಂತು. ಜುಲೈ ೭ರ ಜರ್ಮನಿಯ ಪಂದ್ಯಕ್ಕೆ ಹಿಂಗಾಲಿಗಳಿಗೆ ಕೆವ್ಲಾರ್ ಪಟ್ಟಿಯ ಟೈರು ಬಂತು. ಎಡಬಲ ಬದಲಿಸುವುದು ನಿಷಿದ್ಧವಾಯಿತು. ಒತ್ತಡದ ಕನಿಷ್ಠವೂ ಓರೆಯ ಗರಿಷ್ಠವೂ ಆಜ್ಞೆಗಳಾದುವು. ಆ ತಿಂಗಳ ಕೊನೆಯ ಹಂಗೆರಿಯ ಪಂದ್ಯದಿಂದ ೨೦೧೨ರ ರಚನೆಯೇ ಹಿಂದಿರುಗಿತು. ಒಂದೂವರೆ ತಿಂಗಳು ಸಾಧ್ಯವಿಲ್ಲವೆಂದಿದ್ದುದು ಒಂದು ವಾರದಲ್ಲಿ ಸಾಧ್ಯವಾಯಿತು.

ಮೂರು ತಂಡಗಳ ಭಯವೂ ಸುಳ್ಳಾಗಲಿಲ್ಲ. ಬೇಸಗೆಯ ಬಿಡುವಿನ ಬಳಿಕ ಆ ವರ್ಷ ಉಳಿದಿದ್ದ ಒಂಬತ್ತು ಪಂದ್ಯಗಳನ್ನೂ ರೆಡ್ ಬುಲ್ಲಿನ ವೆಟೆಲ್ಲರೇ ಗೆದ್ದರು. ಫೋರ್ಸ್ ಇಂಡಿಯಾ ೭೭ ಅಂಕಗಳೊಡನೆ ಆರನೆಯ ಸ್ಥಾನಕ್ಕೆ ಇಳಿಯಿತು. ಗೆಲವಿನ ಬದಲಾವಣೆಗೆ ಟೈರೊಂದೇ ಕಾರಣವೆಂದು ನಾವು ಹೇಳಲಾರೆವು; ಆದರೆ ತಂಡಗಳು ಕಾರಣವಿಲ್ಲದೆ ಹಟ ಹಿಡಿದಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು. ನಮ್ಮ ಅಭಿಪ್ರಾಯದಲ್ಲಿ ದೋಷವು ಹಟ ಹಿಡಿದವರಲ್ಲಿರಲಿಲ್ಲ, ಹಟ ಹಿಡಿಯಲು ಅಧಿಕಾರ ಕೊಟ್ಟ ನಿಯಮದಲ್ಲಿತ್ತು. ಗೆಲ್ಲಲೆಂದೇ ಇರುವ ಸಂಸ್ಥೆಯ ಕೈಯಲ್ಲಿ ಸುರಕ್ಷತೆಯ ಕೀಲಿಕೈಯನ್ನು ಇಟ್ಟರೆ ಅದು ತನ್ನ ಗೆಲವನ್ನೇ ನೋಡಿಕೊಳ್ಳುತ್ತದೆ. ಅದೇ ಕಾಲದಲ್ಲಿ ಮಲ್ಯರು ಭಾರತದ ಪ್ರತಿನಿಧಿಯಾಗಿ ಎಫ್.ಐ.ಎ.ಯ ವಿಶ್ವ ಮೋಟಾರು ಕ್ರೀಡಾ ಮಂಡಳಿಯ ಸದಸ್ಯರೂ ಆಗಿದ್ದರು. ನಿಯಮ ಮಾಡುವ ಮಂಡಳಿಯಲ್ಲಿಯೂ ನಿಯಮಕ್ಕೆ ಒಳಪಡುವ ತಂಡದಲ್ಲಿಯೂ ಒಬ್ಬರೇ ಕುಳಿತಿರುವುದು ಆಗ ಯಾವ ಬರಹದ ನಿಯಮಕ್ಕೂ ವಿರುದ್ಧವಲ್ಲದಿರಬಹುದು, ನೋಡುವವರಿಗೆ ಹಿತವೆನಿಸದು. ೨೦೧೫ರಲ್ಲಿ ಇದೇ ತಂಡವು ಸೌಬರ್ ತಂಡದೊಡನೆ ಸೇರಿ, ಪಂದ್ಯದ ಹಣದ ಹಂಚಿಕೆಯೂ ನಿಯಮ ಮಾಡುವ ರೀತಿಯೂ ನ್ಯಾಯವಲ್ಲವೆಂದು ಐರೋಪ್ಯ ಒಕ್ಕೂಟಕ್ಕೆ ದೂರು ಕೊಟ್ಟಿತು. ೨೦೧೮ರ ಆರಂಭದಲ್ಲಿ ದೂರನ್ನು ಹಿಂತೆಗೆದುಕೊಂಡರು. ಆ ವರ್ಷವೇ ತಂಡವು ಸಾಲಕ್ಕೆ ಸಿಕ್ಕಿ ಕೈ ಬದಲಾಯಿಸಿತು.

ಸಲಹೆಯಾಗಿದ್ದ ಸಂಖ್ಯೆ ಕಾನೂನಾದರೆ ಜಗಳ ಮುಗಿಯುವುದೇ? ೨೦೧೫ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ನಡೆದುದನ್ನು ವಿದ್ಯಾರ್ಥಿಗಳು ಲೆಕ್ಕವಾಗಿ ಬಿಡಿಸಬಹುದು. ಅಲ್ಲಿ ಹಿಂಗಾಲಿಯ ಟೈರಿಗೆ ಚದರ ಅಂಗುಲಕ್ಕೆ ೧೯.೫ ಪೌಂಡು ಕನಿಷ್ಠ ಒತ್ತಡವೆಂದು ವಿಧಿಸಿದ್ದರು. ಪಂದ್ಯ ಹೊರಡುವ ಗೆರೆಯಲ್ಲಿ ಅಳೆದಾಗ ಹ್ಯಾಮಿಲ್ಟನ್ನರ ಒಂದು ಟೈರಿನಲ್ಲಿ ೦.೩ ಪೌಂಡು, ಅವರ ಜೊತೆಯ ರೋಸ್‌ಬರ್ಗರದರಲ್ಲಿ ೧.೧ ಪೌಂಡು ಕಡಿಮೆಯಿತ್ತು. ಇದು ಮೋಸವೇ? ಪಂದ್ಯಕ್ಕೆ ಮೊದಲು ಟೈರುಗಳನ್ನು ವಿದ್ಯುತ್ ಕಂಬಳಿಯಲ್ಲಿ ಸುತ್ತಿ ಬಿಸಿಮಾಡಿ ಇಡುತ್ತಾರೆ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ಕೆಲ್ವಿನ್ ಮಾನದ ಉಷ್ಣತೆಗೆ ಅನುಪಾತದಲ್ಲಿರುತ್ತದೆಂಬ ಸೂತ್ರವನ್ನು ಇಲ್ಲಿ ಅನ್ವಯಿಸೋಣ. ಅಳತೆಗೋಲು ತೋರಿಸುವುದು ವಾಯುಮಂಡಲದ ಒತ್ತಡಕ್ಕಿಂತ ಹೆಚ್ಚಾದ ಭಾಗವನ್ನು ಮಾತ್ರ, ಆದುದರಿಂದ ೧೪.೭ನ್ನು ಕೂಡಿಸಬೇಕು. ಒಟ್ಟು ೩೪.೨ ಆಯಿತು. ಟೈರಿನ ಗಾಳಿ ೧೦೦ ಡಿಗ್ರಿ ಸೆಲ್ಸಿಯಸ್, ಎಂದರೆ ೩೭೩ ಕೆಲ್ವಿನ್ ಇತ್ತೆಂದು ಇಟ್ಟುಕೊಂಡರೆ, ೦.೩ರ ಕೊರತೆಗೆ ಮೂರು ಡಿಗ್ರಿ ತಣಿದರೆ ಸಾಕು, ೧.೧ರ ಕೊರತೆಗೆ ಹನ್ನೆರಡು ಡಿಗ್ರಿ. ಕಂಬಳಿಯ ವಿದ್ಯುತ್ತನ್ನು ತೆಗೆದು ಟೈರು ಗೆರೆಯಲ್ಲಿ ಕಾಯುವ ಹೊತ್ತಿನಲ್ಲಿ ಇಷ್ಟು ತಣಿಯುವುದು ಅಸಾಧ್ಯವಲ್ಲ. ಗಾಳಿ ತುಂಬಿದಾಗ ಒತ್ತಡ ಸರಿಯಾಗಿಯೇ ಇತ್ತೆಂದು ತೀರ್ಪುಗಾರರು ಒಪ್ಪಿ ಹ್ಯಾಮಿಲ್ಟನ್ನರ ಗೆಲವನ್ನು ಉಳಿಸಿದರು; ಅಳೆಯುವ ಕ್ರಮವನ್ನು ಸ್ಪಷ್ಟಗೊಳಿಸಬೇಕೆಂದೂ ಸೂಚಿಸಿದರು. ಉಷ್ಣತೆಯನ್ನು ಹೇಳದೆ ಒತ್ತಡವನ್ನು ಹೇಳಿದರೆ ಅದು ಅರ್ಧ ವಾಕ್ಯವೆಂದು ನಾವು ತರಗತಿಯಲ್ಲಿ ಹೇಳುವುದುಂಟು. ನಿಯಮ ಬರೆಯುವವರಿಗೂ ಅದು ಬೇಕಾದ ಪಾಠ.

ಸುರಕ್ಷತೆಗಾಗಿ ಯಾರ ಒಪ್ಪಿಗೆಯನ್ನೂ ಕಾಯದೆ ನಿಯಮ ವಿಧಿಸುವ ಅಧಿಕಾರವನ್ನು ಎಫ್.ಐ.ಎ. ಧೈರ್ಯದಿಂದ ಬಳಸಿದ ಸಂದರ್ಭವೂ ಉಂಟು. ೨೦೦೯ರಲ್ಲಿ ಹದಿನೆಂಟು ವರ್ಷದ ಹೆನ್ರಿ ಸರ್ಟೀಸರ ತಲೆಗೆ ಬೇರೊಂದು ಕಾರಿನಿಂದ ಕಳಚಿದ ಗಾಲಿ ಬಡಿದು ಅವರು ತೀರಿಕೊಂಡರು. ೨೦೧೫ರಲ್ಲಿ ಜಸ್ಟಿನ್ ವಿಲ್ಸನ್ನರು ಹಾರಿಬಂದ ತುಂಡಿನ ಏಟಿನಿಂದ ಮಡಿದರು. ಚಾಲಕನ ತಲೆಯ ಸುತ್ತ ಟೈಟೇನಿಯಮ್ಮಿನ ಬಳೆಯೊಂದನ್ನು ನಿಲ್ಲಿಸುವ ಹಾಲೋ ಎಂಬ ಸಾಧನವನ್ನು ಆಗ ಪರೀಕ್ಷಿಸಿದರು. ತೂಕ ಸುಮಾರು ೭ ಕಿಲೋ. ಸುಮಾರು ೧೨ ಟನ್ನಿನ ಭಾರವನ್ನು ಹೊರಬಲ್ಲದು. ಕಾರಿನ ಅಂದ ಕೆಟ್ಟಿತೆಂದು ತಂಡಗಳೂ ಅಭಿಮಾನಿಗಳೂ ಹಲವು ಚಾಲಕರೂ ಮೂಗು ಮುರಿದರು. ೨೦೧೭ರ ಜುಲೈಯಲ್ಲಿ ಎಫ್.ಐ.ಎ. ಅದನ್ನು ಮರುವರ್ಷದಿಂದ ಕಡ್ಡಾಯ ಮಾಡಿತು. ೨೦೨೦ರ ನವೆಂಬರ್ ೨೯ರಂದು ಬಹ್ರೇನಿನಲ್ಲಿ ರೊಮೇನ್ ಗ್ರೋಝಾನರ ಕಾರು ಗಂಟೆಗೆ ೧೯೨ ಕಿಲೋಮೀಟರಿನ ವೇಗದಲ್ಲಿ ಉಕ್ಕಿನ ತಡೆಬೇಲಿಯನ್ನು ಸೀಳಿ ಒಳನುಗ್ಗಿ, ಎರಡು ತುಂಡಾಗಿ ಉರಿಯಿತು. ವೇಗಕ್ಷಯದ ಗರಿಷ್ಠ ಗುರುತ್ವದ ೬೭ ಪಟ್ಟು ಎಂದು ದಾಖಲಾಗಿದೆ. ತಲೆಗೆ ತಾಗಬೇಕಾಗಿದ್ದ ಬೇಲಿಯ ಉಕ್ಕನ್ನು ಹಾಲೋ ತಡೆಯಿತು. ಅರ್ಧ ನಿಮಿಷದೊಳಗೆ ಅವರು ಬೆಂಕಿಯಿಂದ ಹೊರಬಂದರು. ಹಾಲೋವನ್ನು ಮೊದಲು ವಿರೋಧಿಸಿದ್ದವರಲ್ಲಿ ಗ್ರೋಝಾನರೂ ಒಬ್ಬರು.

ಟೈರಿನ ಒತ್ತಡವನ್ನು ಅಳೆಯಬಹುದು, ಬಳೆಯ ಬಲವನ್ನು ಅಳೆಯಬಹುದು. ನಿಯಮದ ಪುಸ್ತಕದಲ್ಲಿ ಪ್ರಯೋಗಶಾಲೆಯಿಂದ ಬಾರದ ಸಂಖ್ಯೆಯೂ ಒಂದಿದೆ. ಈ ಪತ್ರಿಕೆಯ ಕಿರಿಯ ವಾಚಕರಿಗೆ ಅದು ಹತ್ತಿರದ ವಿಷಯ. ೨೦೨೧ರಲ್ಲಿ ಯೂರೋಪಿನ ಮೋಟಾರು ಸೈಕಲ್ ಪಂದ್ಯಗಳಲ್ಲಿ ೧೪, ೧೫ ಮತ್ತು ೧೯ ವರ್ಷಗಳ ಮೂವರು ಸವಾರರು ತೀರಿಕೊಂಡರು. ಮೂವರೂ ಬಿದ್ದ ಮೇಲೆ ಹಿಂದಿನಿಂದ ಬಂದ ಬೈಕುಗಳಿಗೆ ಸಿಕ್ಕಿದವರು. ಬಿದ್ದವನು ಹಾದಿಯ ಮೇಲೆ ಜಾರಿ ಹೊರಹೋದರೆ ಘರ್ಷಣೆಯು ಅವನನ್ನು ಮೆಲ್ಲನೆ ನಿಲ್ಲಿಸುತ್ತದೆ. ದೂರವು ದೊಡ್ಡದಾದ್ದರಿಂದ ಅಪಾಯ ಕಡಿಮೆ. ಹಿಂದಿನವನಿಗಾದರೋ ಗಂಟೆಗೆ ೧೦೦ ಕಿಲೋಮೀಟರಿನ ವೇಗದಲ್ಲಿಯೂ ಒಂದೊಂದು ಸೆಕೆಂಡಿಗೆ ೨೮ ಮೀಟರು ಕಳೆದುಹೋಗುತ್ತದೆ. ಗುಂಪಿನಲ್ಲಿ ಒತ್ತಾಗಿ ಓಡುವಾಗ ಕಣ್ಣು ಕಂಡದ್ದನ್ನು ಕೈ ನೆರವೇರಿಸುವಷ್ಟು ಎಡೆಯಿಲ್ಲ. ಆ ವರ್ಷ ಅಂತರರಾಷ್ಟ್ರೀಯ ಮೋಟಾರು ಸೈಕಲ್ ಒಕ್ಕೂಟವು, ೨೦೨೩ರಿಂದ ಹಾದಿ ಓಟದ ವಿಶ್ವ ಪಂದ್ಯಾವಳಿಗಳಿಗೆ ೧೮ ವರ್ಷ ತುಂಬಿರಬೇಕೆಂದು, ಕೆಲವು ವಿನಾಯಿತಿಗಳೊಡನೆ ಸಾರಿತು.

ವಿಶ್ವ ಪಂದ್ಯಾವಳಿಯ ಈ ವಯಸ್ಸು ಒಂದೊಂದು ದೇಶದ ಕಿರಿಯರ ಪಂದ್ಯಗಳನ್ನು ಕಟ್ಟುವುದಿಲ್ಲ. ಅಲ್ಲಿ ನಿಯಮವು ಆಯಾ ದೇಶದ ಒಕ್ಕೂಟದ್ದು. ೨೦೨೩ರ ಆಗಸ್ಟ್ ೫ರಂದು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಹಾದಿಯಲ್ಲಿ, ರಾಷ್ಟ್ರೀಯ ಮೋಟಾರು ಸೈಕಲ್ ಪಂದ್ಯಾವಳಿಯ ಹೊಸಬರ ವಿಭಾಗದಲ್ಲಿ ಓಡುತ್ತಿದ್ದ ಬೆಂಗಳೂರಿನ ಬಾಲಕನೊಬ್ಬನು ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡನು. ಅವನಿಗೆ ೧೩ ವರ್ಷ. ಅದೇ ಹಾದಿಯಲ್ಲಿ ಆ ವರ್ಷದ ಜನವರಿಯಲ್ಲಿ ಹಿರಿಯ ಕಾರು ಚಾಲಕರೊಬ್ಬರೂ ಮಡಿದಿದ್ದರು. ಸಂಘಟಕರು ಶನಿವಾರ ಮತ್ತು ಭಾನುವಾರದ ಉಳಿದ ಓಟಗಳನ್ನೆಲ್ಲ ರದ್ದುಮಾಡಿದರು.